ಮತ್ತಿನ ಡಾಕ್ಟರು ಹರಿದ ಟಿಕೆಟ್ಟು

ಹೊಸೂರಿನ ಸುತ್ತಮುತ್ತ ಅತಿ ಹೆಚ್ಚು ಜನಕ್ಕೆ ದೇವರನ್ನು ತೋರಿಸಿದವರು ಯಾವ ಮಠದ ಸ್ವಾಮಿಗಳೂ ಅಲ್ಲ, ಒಬ್ಬ ನಾಸ್ತಿಕರು. ಆಪರೇಷನ್ನಿಗೆ ಮುಂಚೆ ಮತ್ತು ಬರಿಸುವ ಡಾಕ್ಟರು. ಕಳೆದ ತಿಂಗಳು ಒಂದು ಮಂಗಳವಾರ ಮಧ್ಯಾಹ್ನ, ಅವಲಪಲ್ಲಿಯ ತಮ್ಮ ಮನೆಯಲ್ಲಿ, ಯಾವ ಇಂಜೆಕ್ಷನ್ನಿನ ಸಹಾಯವೂ ಇಲ್ಲದೆ ತೀರಿಕೊಂಡರು.

ಹೆಸರು ಬರೆಯುವುದಿಲ್ಲ. ಅದು ಅವರದೇ ಕಟ್ಟಪ್ಪಣೆ. "ಪೇಷೆಂಟಿಗೆ ಸರ್ಜನ್ ಹೆಸರು ನೆನಪಿರಬೇಕು, ನರ್ಸ್ ಹೆಸರು ನೆನಪಿರಬೇಕು, ಕ್ಯಾಂಟೀನಿನವನ ಹೆಸರೂ ಇರಲಿ. ನನ್ನ ಹೆಸರು ನೆನಪಿದೆ ಅಂದ್ರೆ ನಾನು ಕೆಲಸ ಸರಿಯಾಗಿ ಮಾಡಿಲ್ಲ ಅಂತ ಅರ್ಥ" ಎನ್ನುತ್ತಿದ್ದರು. ತಮಿಳಿನವರು ಅವರನ್ನು ಮಯಕ್ಕ ಡಾಕ್ಟರ್ ಎಂದರು. ಕನ್ನಡದವರೂ ತೆಲುಗಿನವರೂ ಮತ್ತಿನ ಡಾಕ್ಟರು ಎಂದರು. ಗಡಿಯ ಮೂರು ಭಾಷೆಗಳಲ್ಲಿ ಎರಡು ಒಂದೇ ಮಾತಿಗೆ ಒಪ್ಪಿಕೊಂಡ ಅಪರೂಪದ ಸಂದರ್ಭ ಅದು.

ನಾನು ಅದೇ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಔಷಧದ ಬೀರುವಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದವನು. ದಿನವೂ ಬೆಳಿಗ್ಗೆ ಸಹಸ್ರನಾಮ, ಹಗಲೆಲ್ಲಾ ನಶ್ಯ. ಇವೆರಡು ಬಿಟ್ಟರೆ ನನ್ನ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಸಣ್ಣ ಆಸ್ಪತ್ರೆ. ಫಾರ್ಮಸಿಸ್ಟ್ ಎಂದು ಬೋರ್ಡು ಇದ್ದರೂ ಆಪರೇಷನ್ ಥಿಯೇಟರಿನಲ್ಲಿ ದೀಪ ಹಿಡಿಯುವುದು, ಪೇಷೆಂಟಿನ ಕೈ ಹಿಡಿಯುವುದು, ಸರ್ಜನ್ನರ ಕೋಪ ಹಿಡಿಯುವುದು ಎಲ್ಲವೂ ನನ್ನ ಪಾಲಿಗೇ ಬರುತ್ತಿತ್ತು. ಮೂಳೆ ಕೂರಿಸುವುದು, ಸುಟ್ಟ ಗಾಯ ತೊಳೆಯುವುದು ಮುಂತಾದ ಸಣ್ಣ ಕೆಲಸಗಳಿಗೆ ಕೆಟಮಿನ್ ಎಂಬ ಇಂಜೆಕ್ಷನ್ ಕೊಡುತ್ತಿದ್ದರು. ಅದು ಎರಡು ಬೀಗದ ಒಳಗೆ ಇಡಬೇಕಾದ ಔಷಧ. ಆ ಎರಡನೆಯ ಬೀಗದ ಕೈ ನನ್ನಲ್ಲಿತ್ತು. ಆ ಲೆಕ್ಕದಲ್ಲಿ ವೈಕುಂಠದ ದ್ವಾರಪಾಲಕ ನಾನೇ.

ಡಾಕ್ಟರದು ಒಂದು ಪದ್ಧತಿ. ಸೂಜಿ ಚುಚ್ಚುವ ಮುಂಚೆ ಪೇಷೆಂಟಿನ ತಲೆಯ ಹತ್ತಿರ ಸ್ಟೂಲು ಎಳೆದು ಕೂತು, ಥೇಟ್ ಬಸ್ ಕಂಡಕ್ಟರಿನ ರಾಗದಲ್ಲಿ, "ಎಲ್ಲಿಗೆ ಟಿಕೆಟ್?" ಎಂದು ಕೇಳುವರು. ಮೊದಲು ಪೇಷೆಂಟು ಗಾಬರಿಯಾಗುತ್ತಿತ್ತು, ಆಮೇಲೆ ನಗುತ್ತಿತ್ತು, ಆಮೇಲೆ ಒಂದು ಊರು ಹೇಳುತ್ತಿತ್ತು. ತಿರುಪತಿ, ಊಟಿ, ಅಮ್ಮನ ಮನೆ, ಹೀಗೆ. ಕಾಗದ ಹರಿದ ಹಾಗೆ ನಾಲಿಗೆಯಲ್ಲಿ ಚರ್ರ್ ಎಂದು ಸದ್ದು ಮಾಡಿ ಔಷಧ ಬಿಡುವರು. "ಹೆದರಿಕೆ ಹೊತ್ಕೊಂಡು ಒಳಗೆ ಹೋದವನಿಗೆ ಅಲ್ಲಿ ರಾಕ್ಷಸರು ಸಿಗ್ತಾರೆ. ಊರಿನ ನೆನಪು ಹೊತ್ಕೊಂಡು ಹೋದವನಿಗೆ ಊರು ಸಿಗುತ್ತೆ. ಲಗೇಜು ಅವರವರದೇ" ಎಂಬುದು ಅವರ ಸಿದ್ಧಾಂತ. ಎಚ್ಚರವಾದ ಮೇಲೆ, "ತಲುಪಿದೆಯಾ? ಯಾರು ಸಿಕ್ಕಿದರು?" ಎಂದು ಕೇಳಿ, ಉದ್ದನೆಯ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವರು.

ಆ ನೋಟ್‌ಬುಕ್ಕು ನಮ್ಮ ಸೀಮೆಯ ಸ್ಥಳಪುರಾಣ. ಜಮೀನು ದಲ್ಲಾಳಿಯೊಬ್ಬನಿಗೆ ಕೊನೆ ಮೊದಲಿಲ್ಲದ ಬಯಲು ಕಂಡಿತಂತೆ. ಬೆಳಕೋ ಬೆಳಕು. ಎಚ್ಚರವಾದ ಕೂಡಲೇ, "ಅಷ್ಟೂ ಜಾಗಕ್ಕೆ ಪಟ್ಟಾ ಯಾರ ಹೆಸರಲ್ಲಿದೆ ಸಾರ್?" ಎಂದು ಕೇಳಿದ. ನಿವೃತ್ತ ತಮಿಳು ಮೇಷ್ಟರೊಬ್ಬರಿಗೆ ಸಾಕ್ಷಾತ್ ಮುರುಗನ್ ಪ್ರತ್ಯಕ್ಷನಾಗಿ ತೆಲುಗಿನಲ್ಲಿ ಮಾತಾಡಿಬಿಟ್ಟ. ಕೈ ಮುರಿದ ನೋವಿಗಿಂತ ಅದೇ ಅವರಿಗೆ ಹೆಚ್ಚು ನೋವಾಯಿತು. ಡಾಕ್ಟರು ಬಹಳ ಗಂಭೀರವಾಗಿ ಒಂದು ತೀರ್ಮಾನಕ್ಕೆ ಬಂದಿದ್ದರು: "ನಮ್ಮ ಕಡೆ ದೇವರುಗಳು ಬೈಯುವಾಗ ತೆಲುಗು, ವ್ಯವಹಾರಕ್ಕೆ ತಮಿಳು, ಸಮಾಧಾನ ಮಾಡುವಾಗ ಕನ್ನಡ."

ನಾನೊಮ್ಮೆ ಕೇಳಿದೆ. "ಸಾರ್, ಆ ಎರಡು ಚಮಚ ನೀರಿನಲ್ಲಿ ದೇವರು ಎಲ್ಲಿ ಕೂತಿರುತ್ತಾನೆ?"

"ಅದರಲ್ಲಿ ಏನೂ ಇಲ್ಲ ಆಚಾರ್ರೇ. ಅದು ಬರೀ ವಾಚ್‌ಮನ್" ಎಂದರು. ನನ್ನನ್ನು ಅವರು ಆಚಾರ್ರೇ ಎಂದೇ ಕರೆಯುತ್ತಿದ್ದದ್ದು. ಗೌರವವೋ ಗೇಲಿಯೋ ಕೊನೆಯವರೆಗೂ ತಿಳಿಯಲಿಲ್ಲ. "ಮಿದುಳಿನ ನರಕೋಶಗಳಿಗೆ ಬಾಗಿಲುಗಳಿವೆ. ಗ್ಲುಟಮೇಟ್ ಅಂತ ಒಂದು ರಸ ಬಂದು ಆ ಬಾಗಿಲು ತಟ್ಟಿದರೆ ಸುದ್ದಿ ಒಳಗೆ ಹೋಗುತ್ತೆ. ಕೆಟಮಿನ್ ಆ ಬಾಗಿಲಿಗೆ ಅಡ್ಡ ಕೂತ್ಕೊಳ್ಳುತ್ತೆ. ಈಗ ನಮ್ಮೂರ ಫ್ಯಾಕ್ಟರಿ ತಗೊಳ್ಳಿ. ಗೇಟ್ ಮುಚ್ಚಿದೆ, ಮಾಲಿನ ಲಾರಿ ಒಳಗೆ ಬರ್ತಿಲ್ಲ. ಬೇರೆ ಔಷಧ ಆದ್ರೆ ಮೇನ್ ಸ್ವಿಚ್ಚೇ ಆರಿಸುತ್ತೆ. ಇಲ್ಲಿ ಹಾಗಲ್ಲ, ಒಳಗೆ ಮಿಷನ್ ಓಡ್ತಾನೇ ಇದೆ. ಏನು ಮಾಡುತ್ತೆ? ಗೋಡೌನಿನ ಹಳೇ ಸ್ಟಾಕ್ ತೆಗೆದು ಪ್ರೊಡಕ್ಷನ್ ಶುರು. ಅಜ್ಜಿ ಹೇಳಿದ ಕತೆ, ಕ್ಯಾಲೆಂಡರಿನ ಚಿತ್ರ, ಸತ್ತುಹೋದ ಅಪ್ಪನ ದನಿ. ಅವತ್ತು ತಪಾಸಣೆ ಮಾಡೋ ಇನ್‌ಸ್ಪೆಕ್ಟರಿಗೂ ರಜಾ. ತಯಾರಾದದ್ದೆಲ್ಲಾ ಪಾಸು."

"ಹಾಗಾದರೆ ನಾನು ಬ್ರಹ್ಮದಲ್ಲಿ ಕರಗಿಹೋದೆ ಅಂತಾರಲ್ಲ, ಅವರು?"

"ಇಲ್ಲಿ" ಎಂದು ನನ್ನ ಕಿವಿಯ ಮೇಲೆ, ಸ್ವಲ್ಪ ಹಿಂದಕ್ಕೆ, ಬೆರಳಲ್ಲಿ ತಟ್ಟಿದರು. "ಇಲ್ಲೊಬ್ಬ ಸರ್ವೇಯರ್ ಇದ್ದಾನೆ. ಎಲ್ಲಿಯವರೆಗೆ ನಾನು, ಎಲ್ಲಿಂದಾಚೆ ಜಗತ್ತು ಅಂತ ದಿನವಿಡೀ ಅಳೆದು ಬೇಲಿ ಹಾಕೋದೇ ಅವನ ಕೆಲಸ. ಅವನು ತೂಕಡಿಸಿದ ಅಂದ್ರೆ ಬೇಲಿ ಬಿತ್ತು. ಅದೇ ಅದ್ವೈತ."

ನಾನು ಹುಟ್ಟಾ ದ್ವೈತಿ. ಸರ್ವೇಯರ್ ತೂಕಡಿಸದಿರಲಿ ಎಂದು ಅವತ್ತಿನಿಂದ ಸಂಧ್ಯಾವಂದನೆಯಲ್ಲಿ ಒಂದು ಸಣ್ಣ ಪ್ರಾರ್ಥನೆ ಸೇರಿಸಿಕೊಂಡೆ.

ಇಷ್ಟೆಲ್ಲಾ ಹೇಳಿಯೂ, "ಹಾಗಾದರೆ ದೇವರು ಇಲ್ಲ ಅಂತ ಆಯಿತಲ್ಲ" ಎಂದರೆ ಒಪ್ಪುತ್ತಿರಲಿಲ್ಲ. "ಯಾವ ಬಾಗಿಲಿಂದ ಬಂದ ಅಂತ ಹೇಳಬಲ್ಲೆ. ಬಂದವನು ಯಾರು ಅಂತ ಹೇಳೋ ಅಧಿಕಾರ ನನ್ನ ಸರ್ಟಿಫಿಕೇಟಿನಲ್ಲಿ ಬರೆದಿಲ್ಲ" ಎನ್ನುವರು.

ಒಂದು ವಿಷಯದಲ್ಲಿ ಮಾತ್ರ ಅವರು ಮಡಿವಂತರು. ಆ ಔಷಧ ಏರಿರುವಾಗ ಥಿಯೇಟರಿನಲ್ಲಿ ಯಾರೂ ತುಟಿ ಬಿಚ್ಚಕೂಡದು. ಕಿವಿಯ ಕಡೆಯ ಗೇಟು ಪೂರ್ತಿ ಮುಚ್ಚುವುದಿಲ್ಲವಂತೆ. ಆಡಿದ ಮಾತು ಒಳಗೆ ನುಸುಳಿ, ವೇಷ ಹಾಕಿಕೊಂಡು ಕುಣಿಯುತ್ತದಂತೆ. ಒಮ್ಮೆ ಇಬ್ಬರು ನರ್ಸಮ್ಮಗಳು ಹಿಂದಿನ ದಿನದ ಮೀನು ಸಾರಿನ ವಿಚಾರ ಪಿಸುಗುಟ್ಟಿದರು. ಟೇಬಲ್ಲಿನ ಮೇಲಿದ್ದವರಿಗೆ ಮತ್ಸ್ಯಾವತಾರದ ದರ್ಶನವಾಯಿತು. ಹುಳಿ ಕಡಿಮೆ ಇತ್ತೆಂದೂ ಹೇಳಿದರು.

ಇನ್ನು ಮಾದಮ್ಮನ ವಿಷಯಕ್ಕೆ ಬರಬೇಕು. ಈ ಮನುಷ್ಯನನ್ನು ನಾನು ನಿಜವಾಗಿ ನೋಡಿದ್ದು ಅವತ್ತೇ.

ಎಂಟು ವರ್ಷದ ಹಿಂದಿನ ಮಾತು. ಮಾದಮ್ಮ ಅಂಚೆಟ್ಟಿಯಿಂದಾಚೆ ಬೆಟ್ಟದ ಹಳ್ಳಿಯವಳು, ಅರವತ್ತು ದಾಟಿದ ಹೆಂಗಸು. ಬಸ್ಸು ನಿಲ್ಲುವ ಕಡೆಯಿಂದ ಅವಳ ಮನೆಗೆ ಒಂದೂವರೆ ಗಂಟೆ ನಡಿಗೆ. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಬೆರಳು ಕಪ್ಪಾಗಿ, ಅದು ಪಾದಕ್ಕೆ ಏರಿದ ಮೇಲೆ ಮಗಳು ಎಳೆದುಕೊಂಡು ಬಂದಿದ್ದಳು. ಮೊದಲ ದಿನ ಗಾಯ ತೊಳೆಯಲು ಕೆಟಮಿನ್ ಕೊಟ್ಟರು. "ಎಲ್ಲಿಗೆ ಟಿಕೆಟ್?" ಎಂದಾಗ ಅವಳು, "ನಮ್ಮ ಮುನೇಶ್ವರನ ಗುಡಿತಾವ್ಕೆ" ಎಂದಳು. ಡಾಕ್ಟರು ಚರ್ರ್ ಎಂದು ಹರಿದುಕೊಟ್ಟರು.

ಮರುದಿನ ಸರ್ಜನ್ ಮತ್ತೆ ನೋಡಿ, ಮೊಣಕಾಲಿನ ಕೆಳಗೆ ತೆಗೆಯಲೇಬೇಕು, ಮೂರ್ನಾಲ್ಕು ದಿನ ತಡವಾದರೆ ನಂಜು ರಕ್ತಕ್ಕೆ ಸೇರಿ ಜೀವವೇ ಹೋಗುತ್ತದೆ ಎಂದರು. ಮಾದಮ್ಮ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ.

"ಮುನೇಶ್ವರ ಬಂದಿದ್ದ. ಕಾಲತಾವ ಕುಂತ್ಕಂಡು, ಎರಡು ಕೈಯಾಗೂ ನನ್ನ ಕಾಲು ಇಡ್ಕಂಡಿದ್ದ. ಬುಡ್ಲೇ ಇಲ್ಲ. ಅವನೇ ಇಡ್ಕಂಡಿರೋದ್ನ ನೀವು ಕುಯ್ದಾಕ್ತೀರಾ?"

"ಯಮ್ಮೋ, ಸತ್ತೋಯ್ತೀಯ ಕಣಮ್ಮೋ!" ಎಂದು ಮಗಳು ಗೋಳಾಡಿದಳು.

"ಸತ್ರೆ ಎರಡು ಕಾಲಾಗೆ ಸಾಯ್ತೀನಿ. ಸುಮ್ಕಿರೇ."

ಆಮೇಲೆ ಅವಳೇ ಒಂದು ದಾರಿ ತೋರಿಸಿದಳು. ಅವರ ಕಡೆ ಯಾವ ದೊಡ್ಡ ಕೆಲಸಕ್ಕೂ ದೇವರ ಹತ್ತಿರ ಹೂ ಕೇಳುವುದು ವಾಡಿಕೆ. ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ ಕಾಯುತ್ತಾರೆ. ಬಲಗಡೆಯದು ಬಿದ್ದರೆ ಅಪ್ಪಣೆಯಾಯಿತು. "ಅಲ್ಲೀಗಂಟ ನಾನು ಹೋಗಾಕಾಗಕಿಲ್ಲ. ನಾಳೆ ಗಾಯ ತೊಳೆಯಾಕೆ ಅದೇ ಸೂಜಿ ಆಕ್ತೀರಲ್ಲ, ಅವಾಗ ಅವನ್ನೇ ಕೇಳ್ಕಂಡು ಬತ್ತೀನಿ. ತೆಗಿ ಅಂದ್ರೆ ತೆಗೀರಿ."

ಮೂವತ್ತು ವರ್ಷ ಅದು ಬರೀ ವಾಚ್‌ಮನ್ ಎಂದು ಸಾರಿದವರ ಸೂಜಿಗೆ ಈಗ ಪೂಜಾರಿಯ ಪದವಿ ಬಂದಿತ್ತು.

ಕೃಷ್ಣಗಿರಿಯಿಂದ ಬರುತ್ತಿದ್ದ ತಮಿಳು ಸರ್ಜನ್ ಆಜಾನುಬಾಹು, ಕೋಪಿಷ್ಠ; ಪೊದೆ ಮೀಸೆ. ಅವರು ಡಾಕ್ಟರನ್ನು ಕಾರಿಡಾರಿಗೆ ಕರೆದರು. "ಸಾರ್, ರೊಂಬ ಈಸಿ. ನಾಳೆ ಔಷಧ ಕೊಟ್ಟ ಮೇಲೆ ನೀವು ಕಿವೀಲಿ ಒಂದೇ ಮಾತು ಹೇಳಿ, 'ಕಾಲು ಕೊಡು' ಅಂತ. ಸಾಮಿ ಹೇಳ್ದ ಅಂದ್ಕೊಳ್ತಾಳೆ. ಲೈಫ್ ಉಳಿಯುತ್ತೆ." ಮಗಳೂ ಕೈ ಮುಗಿದಳು. ನಾನೂ ದನಿಗೂಡಿಸಿದೆ.

ಡಾಕ್ಟರು ಕನ್ನಡಕ ಒರೆಸಿಕೊಂಡರು. "ನಾನು ದೇವರಲ್ಲ ಅಂತ ಇಷ್ಟು ವರ್ಷ ಹೇಳ್ಕೊಂಡು ಬಂದಿದ್ದೀನಿ. ಈಗ ರಿಟೈರಾಗೋ ಕಾಲಕ್ಕೆ ಪ್ರಮೋಷನ್ ಬೇಡ."

ಮರುದಿನ ಬೆಳಿಗ್ಗೆ ಮಾದಮ್ಮನ ಹಾಸಿಗೆಯ ಪಕ್ಕ ಸ್ಟೂಲು ಎಳೆದು ಕೂತರು. ಸರ್ಜನ್ನರನ್ನೂ ಕರೆಸಿ ನಿಲ್ಲಿಸಿದ್ದರು.

"ಮಾದಮ್ಮಾ, ಅವತ್ತು ನಿನ್ನ ಕಾಲು ಹಿಡ್ಕೊಂಡಿದ್ದು ಮುನೇಶ್ವರ ಅಲ್ಲ ಕಣಮ್ಮ. ಗಾಯ ತೊಳೆಯುವಾಗ ಹಿಡ್ಕೊಂಡಿದ್ದು ಇವರು. ಆ ಮೀಸೆ ನೋಡು."

ಮಾದಮ್ಮ ಸರ್ಜನ್ನರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಮೀಸೆ ಅಂಗೇ ಐತೆ. ಆದ್ರೆ ಅವನು ನಗ್ತಾ ಇದ್ದ."

ಸರ್ಜನ್ನರ ಕೈ ತಾನಾಗಿ ಮೀಸೆಗೆ ಹೋಯಿತು.

"ಅಲ್ಲಿ ಏನು ಕಂಡ್ರೂ ಅದು ನೀನು ಇಲ್ಲಿಂದ ಹೊತ್ಕೊಂಡು ಹೋಗಿದ್ದೇ" ಎಂದು ಡಾಕ್ಟರು ಮುಂದುವರಿಸಿದರು. "ಕಾಲು ಹೋಗುತ್ತೆ ಅಂತ ಹೆದರ್ಕೊಂಡು ಹೋದ್ರೆ, ಕೊಡಬೇಡ ಅನ್ನೋ ದೇವರೇ ಸಿಗ್ತಾನೆ. ಅದಕ್ಕೆ ಹೋಗೋ ಮುಂಚೆ ನೀನೇ ಯೋಚನೆ ಮಾಡು. ಕಾಲು ನಿಂದು. ಅವನ ಮೇಲೆ ಹಾಕಬೇಡ."

"ನೀವು ಹೋಗಿದ್ರಾ ಅಲ್ಲಿಗೆ?"

ಡಾಕ್ಟರು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ಒಂದು ಸಲ. ಸ್ಕೂಟರಿಂದ ಬಿದ್ದು ಭುಜ ಜಾರಿತ್ತು, ಕೂರಿಸೋಕೆ ಕೊಟ್ಟಿದ್ದರು."

"ಯಾರು ಸಿಕ್ಕಿದ್ರು?"

"ಯಾರೂ ಇಲ್ಲ. ಬಸ್ ಸ್ಟ್ಯಾಂಡು. ಗುಡಿಸಿಟ್ಟ ಹಾಗಿತ್ತು. ಬಸ್ಸಿಲ್ಲ, ಜನ ಇಲ್ಲ. ಎಷ್ಟೋ ಹೊತ್ತು ನಿಂತಿದ್ದೆ."

"ಅಯ್ಯೋ ಪಾಪ! ಕಂಡಕ್ಟ್ರೂ ಇರ್ನಿಲ್ವಾ?"

"ಇರಲಿಲ್ಲ ಕಣಮ್ಮ."

ಇದನ್ನು ಅವರು ಅದುವರೆಗೆ ನನಗೆ ಹೇಳಿರಲಿಲ್ಲ. ಊರಿನವರಿಗೆಲ್ಲ ಟಿಕೆಟ್ ಹರಿದು ಕೈಗೆ ಕೊಟ್ಟ ಮನುಷ್ಯ ಇವರು.

ಥಿಯೇಟರಿನಲ್ಲಿ "ಎಲ್ಲಿಗೆ ಟಿಕೆಟ್?" ಎಂದು ಕೇಳಿದರು. "ಅಲ್ಲಿಗೇ" ಎಂದಳು. ಕಣ್ಣು ತೆರೆದೇ ಇತ್ತು, ಆದರೆ ನೋಟ ನಮ್ಮನ್ನು ಬಿಟ್ಟು ಹೋಯಿತು. ಸರ್ಜನ್ ಗಾಯ ತೊಳೆಯಲು ಶುರುಮಾಡಿದರು. ಡಾಕ್ಟರು ಆಕ್ಸಿಜನ್ ಸಿಲಿಂಡರಿನ ಕಡೆ ತಿರುಗಿ ಏನೋ ಸರಿ ಮಾಡುತ್ತಿದ್ದರು.

ನಾನು ಅವಳ ತಲೆಯ ಹತ್ತಿರ ನಿಂತಿದ್ದೆ. ದಿನಕ್ಕೆ ಸಾವಿರ ನಾಮ ಹೇಳುವ ಬಾಯಿ, ಇನ್ನೊಂದು ಮಾತಿಗೆ ಸವೆದುಹೋಗುವುದಿಲ್ಲ ಎನ್ನಿಸಿತು. ಬಗ್ಗಿ, ಮಾಸ್ಕ್ ಸರಿಸಿ, ಅವಳ ಕಿವಿಯಲ್ಲಿ ಆದಷ್ಟು ದೈವಿಕವಾದ ದನಿಯಲ್ಲಿ, "ಬಿಟ್ಟುಬಿಡು ತಾಯೀ, ಆ ಕಾಲು ಬಿಟ್ಟುಬಿಡು" ಎಂದು ಮೂರು ಸಲ ಹೇಳಿ, ಏನೂ ಮಾಡದವನಂತೆ ದೀಪ ನೇರ ಮಾಡಿದೆ.

ಅರ್ಧ ಗಂಟೆಯ ಮೇಲೆ ಮಾದಮ್ಮ ಈ ಲೋಕಕ್ಕೆ ಬಂದಳು. ಡಾಕ್ಟರು ನೋಟ್‌ಬುಕ್ಕು ತೆರೆದರು. "ಯಾರು ಸಿಕ್ಕಿದರು?"

"ಗುಡೀಗಂಟ ಹೋಗ್ಲೇ ಇಲ್ಲ ಡಾಕ್ಟ್ರೇ. ಅಂಚೆಟ್ಟಿ ಬಸ್ನಾಗೆ ಕುಂತಿದ್ದೆ. ಬಸ್ಸು ಬೆಟ್ಟ ಏರ್ತಾ ಇತ್ತು. ನನ್ನ ಕಾಲು ಪಕ್ಕದ ಸೀಟ್ನಾಗೆ ಕುಂತಿತ್ತು, ಅದರ ಪಾಡಿಗೆ ಅದು. ಒಂದು ಸ್ಟಾಪ್ ಬಂತು. ಎದ್ದು ಇಳ್ದೋಯ್ತು. ಇಳಿಯೋವಾಗ ತಿರುಗ್ನೋಡಿ, ಬತ್ತೀನಿ ಅಂತು. ಒಳ್ಳೇ ನೆಂಟ್ರು ಹೋದಂಗೆ." ನೀರು ಕುಡಿದಳು. "ಇಳ್ದೋಗಿರೋದ್ನ ಇಡ್ಕಂಡು ಏನ್ ಮಾಡ್ಲಿ? ತೆಗೀರಿ. ಎಲ್ಲಿ, ಒತ್ತುಸ್ಕಳಿ ಎಬ್ಬೆಟ್ಟು."

ಮಗಳು ಅಳತೊಡಗಿದಳು. ಸರ್ಜನ್ ಕಾಗದಕ್ಕೆ ಕೈ ಚಾಚಿದರು. ಅಷ್ಟರಲ್ಲಿ ಮಾದಮ್ಮ, "ಆದ್ರೆ ಆ ಕಂಡಕ್ಟ್ರೊಬ್ಬ! ಬುಡು ಬುಡು ಅಂತ ಕಿವಿತಾವ ವಟಗುಟ್ಟಿ ಸಾಯಿಸ್ಬುಟ್ಟ. ಮೈಯೆಲ್ಲಾ ನಶ್ಯದ ವಾಸ್ನೆ" ಎಂದಳು.

ಡಾಕ್ಟರು ಬರೆಯುತ್ತಿದ್ದ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ಆ ಊರಿನಲ್ಲಿ ನಶ್ಯ ಹಾಕುವ ಕೊನೆಯ ಮನುಷ್ಯ ನಾನು.

"ಹೆಬ್ಬೆಟ್ಟು ಆಮೇಲೆ" ಎಂದು ಕಾಗದ ಕಿತ್ತುಕೊಂಡರು. ಸರ್ಜನ್ ಕೂಗಾಡಿದರು: ಅವಳು ಒಪ್ಪಿಯಾಗಿದೆ, ಇನ್ನೇನು ಬೇಕು, ಹೇಳಿದರೆ ಮತ್ತೆ ಹಟ ಹಿಡಿಯುತ್ತಾಳೆ, ಹೆಂಗಸು ಸಾಯುತ್ತಾಳೆ! ಡಾಕ್ಟರು ಕೇಳಲಿಲ್ಲ. ಅವಳಿಗೆ ಪೂರ್ತಿ ಎಚ್ಚರವಾಗುವವರೆಗೆ, ಮಧ್ಯಾಹ್ನದವರೆಗೆ ಕಾದು, ನನ್ನನ್ನು ಅವಳ ಮುಂದೆ ನಿಲ್ಲಿಸಿ, "ಆಚಾರ್ರೇ, ನಿಮ್ಮ ಬಾಯಿಂದಲೇ ಹೇಳಿ" ಎಂದರು. ಅವಳು ಇಲ್ಲ ಎಂದುಬಿಟ್ಟರೆ ಆ ಸಾವು ತಮ್ಮ ತಲೆಗೆ ಎಂದು ಅವರಿಗೆ ಗೊತ್ತಿತ್ತು.

ಹೇಳಿದೆ. ಐವತ್ತೆಂಟನೆಯ ವಯಸ್ಸಿನಲ್ಲಿ, ಬಿಳಿ ಕೋಟು ಹಾಕಿಕೊಂಡು, ಶಾಲೆಯಲ್ಲಿ ಬೆಂಚಿನ ಮೇಲೆ ನಿಂತವನ ಹಾಗೆ.

ಮಾದಮ್ಮ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಗೊತ್ತಾಯ್ತು ಬುಡಿ ಅಯ್ನೋರೇ. ದೇವ್ರು ಎಲ್ಲಾನ ನಶ್ಯ ಆಕ್ತಾನಾ? ನೀವು ಬುಡು ಬುಡು ಅಂದಂಗೆಲ್ಲಾ ನಾನು ಬಿಗಿಯಾಗಿ ಇಡ್ಕಂಡೆ. ನಂಗೆ ಯಾರಾನ ಇಂಗೆ ಮಾಡು ಅಂದ್ರೆ ಆಗಕಿಲ್ಲ. ನನ್ನ ಗಂಡನ್ನ ಕೇಳಿದ್ರೆ ಹೇಳಿರೋನು, ಈಗಿಲ್ಲ ಅವನು. ಕಾಲೇ ಎದ್ದೋಯ್ತು, ಅದಕ್ಕೆ ಒಪ್ಪಿದ್ದು. ನಿಮ್ಮ ಮಾತಿಗಲ್ಲ." ಆಮೇಲೆ ಡಾಕ್ಟರ ಕಡೆ ತಿರುಗಿ, "ಇನ್ನು ನೀವು ಮೊಕ ಸಣ್ಣಗೆ ಮಾಡ್ಬ್ಯಾಡಿ. ಕಾಗ್ದ ಕೊಡಿ ಇತ್ಲಾಗೆ" ಎಂದಳು.

ಮಾರನೆಯ ಬೆಳಿಗ್ಗೆ ಕಾಲು ತೆಗೆದರು. ಮಾದಮ್ಮ ಉಳಿದಳು.

ಡಾಕ್ಟರು ನನ್ನ ಜೊತೆ ಹದಿನೈದು ದಿನ ಮಾತಾಡಲಿಲ್ಲ. ಹದಿನಾರನೆಯ ದಿನ ಔಷಧದ ಕಿಟಕಿಗೆ ಬಂದು ಹೇಳಿದರು: "ಒಬ್ಬರ ಬೇಲಿ ಬಿದ್ದಿರುವಾಗ ಒಳಗೆ ನುಗ್ಗೋದು ಕಳ್ಳತನ ಆಚಾರ್ರೇ. ಬೇಲಿ ಕೆಡವೋದು ನಾನೇ, ಅದಕ್ಕೆ ಕಾವಲು ಕೂರೋದೂ ನಾನೇ. ದೇವರು ಓಡಾಡಿದರೆ ಬಿಟ್ಟುಬಿಡ್ತೀನಿ, ಯಾಕಂದ್ರೆ ಅವನು ಒಳಗಿನವನು. ನೀವು ಹೊರಗಿನವರು." ಕಿಟಕಿಯಿಂದ ಎರಡು ಹೆಜ್ಜೆ ಹೋಗಿ ವಾಪಸು ಬಂದರು. "ನನ್ನ ಕೊನೇ ಕಾಲದಲ್ಲೂ ಕಿವೀಲಿ ಯಾರೂ ಏನೂ ಹೇಳಕೂಡದು. ನೀವಂತೂ ಹೇಳಲೇಕೂಡದು."

ಕಳೆದ ತಿಂಗಳ ಮಂಗಳವಾರ ಅವರ ಅಕ್ಕ ಫೋನ್ ಮಾಡಿಸಿದರು. ನಾನು ಹೋಗುವಷ್ಟರಲ್ಲಿ ಉಸಿರು ಮೇಲಕ್ಕೆ ಬಂದಿತ್ತು. ಕಣ್ಣು ತೆರೆದೇ ಇತ್ತು. ನೋಟ ನಮ್ಮನ್ನು ಬಿಟ್ಟು ಹೋಗಿತ್ತು. ಎಂಬತ್ತು ದಾಟಿದ ಆ ಅಕ್ಕ ಗಂಗೆಯ ತಂಬಿಗೆ ಹಿಡಿದು, "ನೀವು ಆಚಾರವಂತರು, ಅವನ ಕಿವೀಲಿ ನಾರಾಯಣ ಅನ್ನಿ. ನಾನು ಹೇಳಿದ್ರೆ ಬೈತಾನೆ" ಎಂದರು. ಕೋಣೆ ತುಂಬ ನೆಂಟರು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

ಬಗ್ಗಿದೆ. ತುಟಿಯ ತನಕ ಬಂದ ನಾಮವನ್ನು ನುಂಗಿಕೊಂಡೆ. "ಎಲ್ಲಿಗೆ ಟಿಕೆಟ್, ಸಾರ್?" ಎಂದೆ. ಅಷ್ಟೇ. ನನ್ನ ತುಟಿ ಅಲುಗಿದ್ದು ಕಂಡು ಅಷ್ಟೂ ಜನ ಕೈ ಮುಗಿದರು.

ಹದಿಮೂರನೆಯ ದಿನ ಮಾದಮ್ಮ ಎರಡು ಬಸ್ಸು ಹಿಡಿದು, ಕೋಲೂರಿಕೊಂಡು ಬಂದಿದ್ದಳು. ಜಗಲಿಯ ಮೇಲೆ ಕೂತು ಸೀರೆ ಸ್ವಲ್ಪ ಸರಿಸಿ, ಕೃತಕ ಕಾಲನ್ನು ಟಕಟಕ ಕುಟ್ಟಿ ತೋರಿಸಿದಳು. "ಬತ್ತೀನಿ ಅಂದಿತ್ತಲ್ಲ, ಬಂತು ನೋಡಿ." ಆಮೇಲೆ ನನ್ನನ್ನು ದಿಟ್ಟಿಸಿ, "ಕೊನೇಲಿ ಅವರ ಕಿವೀಲೂ ಏನಾನ ವಟಗುಟ್ಟಿದ್ರಾ ಅಯ್ನೋರೇ? ದಿಟ ಹೇಳಿ" ಎಂದಳು.

ನಾರಾಯಣ ಅಂದೆ ಎಂದು ಮನೆಯವರೆಲ್ಲಾ ನಂಬಿದ್ದರು. ಅವಳಿಗೆ ನಿಜ ಹೇಳಿದೆ.

"ಏನಂದ್ರು?"

"ಏನೂ ಅನ್ನಲಿಲ್ಲಮ್ಮ."

ಮಾದಮ್ಮ ಯೋಚಿಸಿದಳು. "ಅವತ್ತು ನಶ್ಯ ಆಕಿದ್ರಾ?"

"ಹಾಕಿದ್ದೆ."

"ಅಂಗಾರೆ ಸರಿ ಬುಡಿ" ಎಂದು ಕೋಲು ಊರಿ ಎದ್ದಳು. "ಈ ಸಲ ಬಸ್ ಸ್ಟ್ಯಾಂಡ್ನಾಗೆ ಕಂಡಕ್ಟ್ರು ಒಬ್ಬ ಅವ್ನೆ ಅಂತ ಅವ್ರಿಗೆ ಗೊತ್ತಾಗಿರ್ತದೆ."